ದಣಿದ ಛತ್ರ

ನಮ್ಮೂರಿನಲ್ಲಿ ಮಂಚಗಳು ಕಡಿಮೆಯಿದ್ದವು. ಹೊರಗಿನಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಇದನ್ನೇ ಹೇಳಿಕೊಂಡು ಅಳುತ್ತಿದ್ದರು. ಎರಡನೆಯ ವಾರ ಕಣಿವೆ ಛತ್ರದ ಜಗಲಿಯ ಮೇಲೆ ಒಂದು ಗಳಿಗೆ ಒರಗಿ ಬಂದರೆಂದರೆ ಮಂಚದ ಮಾತೇ ಎತ್ತುತ್ತಿರಲಿಲ್ಲ. ನಾವೂ ಎಲ್ಲರಂತೆ ರಾತ್ರಿ ಮನೆಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚುತ್ತಿದ್ದೆವು. ಅದು ಕತ್ತಲಾಯಿತೆಂದು ಮುಚ್ಚುವ ಕಣ್ಣು, ಅಷ್ಟೇ. ದಣಿವು ಕಳೆಯಬೇಕೆಂದರೆ ಛತ್ರಕ್ಕೇ ಹೋಗಬೇಕು. ಮಗಳ ಮದುವೆ ಮುಗಿಸಿದ ಅಪ್ಪ, ಹೆರಿಗೆ ಮಾಡಿಸಿದ ಸೂಲಗಿತ್ತಿ, ಮಣ್ಣು ಮಾಡಿ ಬಂದ ನೆಂಟರು, ಯಾರೇ ಆಗಲಿ, ಅಲ್ಲಿಗೆ ಹೋಗಿ ಕಾಲು ಗಂಟೆ ಕಲ್ಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಎದ್ದರೆ ಮುಗಿಯಿತು, ಮೈ ಹಗುರ. ಇಳಿದದ್ದೆಲ್ಲ ಕಲ್ಲಿನೊಳಗೆ ಉಳಿಯುತ್ತಿತ್ತು.

ಛತ್ರ ಇರುವುದು ಊರಿನ ಮೂಡಲ ದಿಕ್ಕಿಗೆ, ರಸ್ತೆ ಕಣಿವೆ ಹತ್ತಿ ಬಂದು ಸಮತಟ್ಟಾಗುವ ಜಾಗದಲ್ಲಿ. ಹದಿನಾರು ಕಂಬ, ಮೂರು ಕಡೆ ಬಯಲು, ಹಿಂದುಗಡೆ ಗಾರೆಯ ಗೋಡೆ, ಗೋಡೆಯ ಉದ್ದಕ್ಕೂ ಕಲ್ಲಿನ ಜಗಲಿ. ರಸ್ತೆಯ ಅಂಚಿಗೆ ಆಳೆತ್ತರದ ಒಂದು ಅಡ್ಡಗಲ್ಲು. ತಲೆಹೊರೆಯವರು ಇನ್ನೊಬ್ಬರ ಕೈ ಕಾಯದೆ ಹೊರೆಯನ್ನು ಅದರ ಮೇಲೆ ಸರಿಸಿ ಹಗುರಾಗಲಿ ಎಂದು ನೆಟ್ಟದ್ದು. ಎಲ್ಲ ಕಟ್ಟಿಸಿದವರು ಯಾರೆಂದು ಕೇಳಿದರೆ ನಮ್ಮೂರಿನ ನಾಲ್ಕು ಕೇರಿಯವರು ನಾಲ್ಕು ಹೆಸರು ಹೇಳುತ್ತಾರೆ. ನಾಲ್ಕೂ ಅವರವರ ಕೇರಿಯವರ ಹೆಸರೇ. ಉಪ್ಪಿನವರು, ಬಳೆಗಾರರು, ದಂಡಿನವರು, ಯಾತ್ರೆಯವರು, ಇನ್ನೂರು ಮುನ್ನೂರು ವರ್ಷ ಈ ದಾರಿಯಲ್ಲಿ ನಡೆದವರೆಲ್ಲ ಅಲ್ಲಿ ಕೂತು ಎದ್ದು ಹೋಗಿದ್ದಾರೆ.

ನನ್ನ ಹೆಸರು ಸಣ್ಣೀರಮ್ಮ. ಕಚೇರಿ ಮುಂದಿನ ಹೊಂಗೆ ಮರದಡಿ ಕೂತು ಅರ್ಜಿ ಬರೆದುಕೊಡುವುದು ನನ್ನ ಕಸುಬು. ನಲವತ್ತು ವರ್ಷದಿಂದ ಊರಿನ ಕಷ್ಟಸುಖವೆಲ್ಲ "ಸನ್ನಿಧಾನಕ್ಕೆ" ಎಂದು ನನ್ನ ಕೈಯಲ್ಲೇ ಶುರುವಾಗಿದೆ. ಹಾಗಾಗಿ ನನ್ನ ಬಾಯಿಗೆ ಜನ ತುಸು ಹೆದರುತ್ತಾರೆ, ಹೆದರಲಿ. ನನ್ನ ಎಡಗಾಲು ಹುಟ್ಟಿದಾಗಲೇ ಸೊಟ್ಟ. ಅವ್ವ ಮಾರಕ್ಕ ಮಡಕೆ ಮಾರುವವಳು. ಪ್ರತಿ ಸೋಮವಾರ ಕಣಿವೆಯಾಚೆಯ ಸಂತೆಗೆ ಹೋಗುವಾಗ ಅವಳ ತಲೆಯ ಮೇಲೆ ಹನ್ನೆರಡು ಮಡಕೆಯ ಬುಟ್ಟಿ, ಸೊಂಟದಲ್ಲಿ ನಾನು. ಬರುವಾಗ ಬುಟ್ಟಿಯಲ್ಲಿ ದವಸ, ಸೊಂಟದಲ್ಲಿ ಮತ್ತೆ ನಾನೇ. ಆರು ವರ್ಷದವಳಾದರೂ ಸೊಂಟ, ಎಂಟು ವರ್ಷದವಳಾದರೂ ಸೊಂಟ. ಒಂಬತ್ತನೆಯ ವರ್ಷ ಒಂದು ದಿನ ಹಟ ಹಿಡಿದು ಕೆಳಗಿಳಿದು ಕೋಲೂರಿ ನಡೆದೆ, ಆಮೇಲೆ ಹತ್ತಲಿಲ್ಲ. "ಮಾರಕ್ಕನ ಭಾರ ಇಳೀತು ಕಣ್ರೋ" ಎಂದು ಊರೆಲ್ಲ ಹೇಳಿತು. ನನ್ನ ಬಾಳಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ನನಗೆ ಹತ್ತೊಂಬತ್ತು ತುಂಬಿದಾಗ ಅವ್ವ ತೀರಿಕೊಂಡಳು. ಜಗಲಿಯ ಮೂಡಲ ತುದಿಯ ಮೂಲೆಗಲ್ಲು ಅವಳು ಕೂರುತ್ತಿದ್ದ ಜಾಗ. ಈ ನಲವತ್ತೆರಡು ವರ್ಷದಲ್ಲಿ ಅಲ್ಲಿ ನಾನೂ ಕೂತಿಲ್ಲ, ಇನ್ನೊಬ್ಬರನ್ನು ಕೂರಲು ಬಿಟ್ಟೂ ಇಲ್ಲ.

ಮೂರು ವರ್ಷದ ಹಿಂದೆ ಛತ್ರ ರಸ್ತೆಯ ಕಡೆಗೆ ವಾಲತೊಡಗಿತು. ಮೊದಲು ಒಂದು ಬೆರಳು, ಆಮೇಲೆ ನಾಲ್ಕು ಬೆರಳು, ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಗೇಣು. ಒಂದು ದಿನ ಸಂತೆಯ ಬಸ್ಸಿನ ತಲೆ ಛತ್ರದ ಸೂರಿಗೆ ಉಜ್ಜಿ, ಮೇಲೆ ಕಟ್ಟಿದ್ದ ಕೋಳಿಪಂಜರ ಉರುಳಿ, ಕೋಳಿಗಳೆಲ್ಲ ಕಣಿವೆಯ ಪಾಲಾದವು. ಕೋಳಿ ಕಳೆದುಕೊಂಡವರು ಸುಮ್ಮನಿರುತ್ತಾರೆಯೇ? ರಸ್ತೆ ಇಲಾಖೆಯಿಂದ ನೋಟೀಸು ಬಂತು, ಹದಿನೈದು ದಿನದಲ್ಲಿ ಛತ್ರ ಕೆಡವುವುದೆಂದು. ಅದರ ಹಿಂದೆಯೇ ವನಜಾಕ್ಷಿ ಎಂಬ ಇಂಜಿನಿಯರ್ ಮೇಡಂ ಬಂದರು. ದೂರದ ಊರಿನವರು, ನಮ್ಮ ಕಡೆಯ ವಿಷಯ ತಿಳಿಯದು. ಎರಡು ದಿನ ಅಗೆಸಿದರು, ಅಳೆದರು, ಗಾರೆಯನ್ನು ಕೆರೆದು ಪೊಟ್ಟಣ ಕಟ್ಟಿಕೊಂಡರು. "ಅಡಿಪಾಯ ಗಟ್ಟಿ ಇದೆ, ಕಲ್ಲಲ್ಲಿ ಒಂದು ಬಿರುಕಿಲ್ಲ. ಯಾಕೆ ವಾಲ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ" ಎಂದರು. ಗಾರೆ ಕೆಲಸದ ಬುಡೇನ್ ಸಾಬರು ಅಲ್ಲೇ ಇದ್ದರು. ಎಪ್ಪತ್ತು ದಾಟಿದ ಮುದುಕ, ನಮ್ಮೂರಿನ ಅರ್ಧ ಗೋಡೆಗಳು ಅವರ ಕೈಯವು. ಅವರು ಗೋಡೆಗೆ ಅಂಗೈ ಇಟ್ಟು, ದುಡಿದು ಬಂದ ಎತ್ತಿನ ಕುತ್ತಿಗೆ ಸವರಿದ ಹಾಗೆ ಸವರಿ, "ದಣಿದೈತೆ ಮೇಡಂ" ಎಂದರು. "ಎಷ್ಟು ವರ್ಷ ಅಂತ ಎಲ್ಲಾರ್ದೂ ಹೊತ್ಕಂಡು ನಿಂತಿರ್ತೈತೆ?" ಮೇಡಂ ನಕ್ಕರು. ನಾವು ಯಾರೂ ನಗಲಿಲ್ಲ.

ಅಂದು ಸಂಜೆ ನಾನು ಒಂಬತ್ತು ಪುಟದ ಅರ್ಜಿ ಬರೆದೆ. ಇತಿಹಾಸ, ಪುರಾತನ, ಪಾರಂಪರಿಕ ಎಂದು ಗೊತ್ತಿದ್ದ ದೊಡ್ಡ ಮಾತುಗಳನ್ನೆಲ್ಲ ಹಾಕಿ, ಕೊನೆಗೆ ನಿಜ ಮಾತು ಒಂದೇ ಸಾಲಿನಲ್ಲಿ ಬರೆದೆ: ಛತ್ರ ಹೋದರೆ ಈ ಊರಿನ ಜನ ತಮ್ಮ ದಣಿವನ್ನು ಎಲ್ಲಿ ಇಳಿಸಬೇಕೆಂದು ಸನ್ನಿಧಾನದವರೇ ತಿಳಿಸಬೇಕಾಗಿ ವಿನಂತಿ. ಮೇಲಿನವರು ಯಾವ ಸಾಲಿಗೆ ಕರಗಿದರೋ ಕಾಣೆ, ಮೂರು ತಿಂಗಳ ಗಡುವು ಸಿಕ್ಕಿತು. ಅಷ್ಟರಲ್ಲಿ ನಾವೇ ಬಿಚ್ಚಿ ಕಟ್ಟಿ, ತೂಗುಗುಂಡು ಇಳಿಬಿಟ್ಟರೆ ಒಂದು ನೂಲೂ ಆಚೀಚೆ ಆಗದ ಹಾಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಕೆಡವುವುದೇ ಸೈ.

ಕಂಬಗಳಿಗೂ ಸೂರಿಗೂ ಮರದ ಆಸರೆ ಕೊಟ್ಟು ಜಗಲಿಯ ಮೊದಲ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿದ ದಿನ ಊರೆಲ್ಲ ಅಲ್ಲಿತ್ತು. ಎರಡು ಮೊಳದ ಕಲ್ಲು, ಇಬ್ಬರು ಎತ್ತಬೇಕಾದದ್ದು. ಆರು ಜನ ಸೇರಿದರೂ ಮಿಸುಕಲಿಲ್ಲ. ಪೈಲ್ವಾನ್ ಕರಿಯಣ್ಣ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ಏಳು ಊರಿನ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿಸಿಕೊಳ್ಳದವನು. "ಬಿಡ್ರಿ ಸಾಬ್ರೇ, ಇದೇನ್ ಮಹಾ" ಎಂದು ಕಲ್ಲನ್ನು ಎದೆಗೆ ಅವುಚಿ ಎತ್ತಿದ. ಎತ್ತಿದ್ದು ನಿಜ. ಒಂದು ಉಸಿರಿನಷ್ಟು ಹೊತ್ತು ನಿಂತ, ಆಮೇಲೆ ಕಲ್ಲಿನ ಸಮೇತ ಮೆಲ್ಲಗೆ ನೆಲಕ್ಕೆ ಕೂತ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಹತ್ತಿರ ಹೋಗಿ, "ಏನಾಯ್ತೋ?" ಎಂದೆ. "ಬಸುರಿ, ಸಣ್ಣಕ್ಕ" ಎಂದ. "ಏಳು ತಿಂಗಳೋ ಎಂಟೋ. ತಲೆ ಮೇಲೆ ಉಪ್ಪಿನ ಮೂಟೆ. ನಾಕು ದಿನದಿಂದ ನಡೀತಾವ್ಳೆ. ಕಾಲು ಬಾತೈತೆ. ನನ್ನ ಕಾಲಲ್ಲ ಸಣ್ಣಕ್ಕ, ಆಯಮ್ಮನ ಕಾಲು." ಅಷ್ಟು ಹೇಳಿ ಹೊಟ್ಟೆಯ ಕೆಳಗೆ ಎರಡೂ ಕೈ ಆಸರೆ ಕೊಟ್ಟುಕೊಂಡು ಕೂತ. ಬುಡೇನ್ ಸಾಬರು ಆ ಕಲ್ಲನ್ನು ಎತ್ತಿ ನೋಡಿದರು. ಮುದುಕ ಒಬ್ಬರೇ ಎತ್ತಿದರು. ಹೆಸರಿಲ್ಲದ, ಮಣ್ಣಾಗಿ ನೂರಾರು ವರ್ಷ ಕಳೆದ ಒಬ್ಬ ಹೆಂಗಸಿನ ಕಾಲುನೋವು ನಮ್ಮ ಕಣ್ಣೆದುರು ಪೈಲ್ವಾನನ ಮೈಯಲ್ಲಿತ್ತು. ನನಗೆ ಕೈ ಮುಗಿಯಬೇಕೆನಿಸಿತು. ಯಾರಿಗೆ ಮುಗಿಯುವುದೆಂದು ತಿಳಿಯದೆ ಸುಮ್ಮನೆ ನಿಂತೆ.

ದಾರಿ ಅಲ್ಲಿಗೆ ಗೊತ್ತಾಯಿತು. ಒಟ್ಟು ಮುನ್ನೂರ ಹನ್ನೆರಡು ಕಲ್ಲು. ಹಾರೆ, ಹಗ್ಗ ಹಾಕಿ, ಮೈ ಸೋಕದ ಹಾಗೆ ಕಿತ್ತು, ಹುಲ್ಲು ಹಾಸಿದ ಗಾಡಿಯಲ್ಲಿ ಮನೆಗೊಂದರಂತೆ ಹಂಚುವುದು. ಮನೆಯವರೊಬ್ಬರು ಅದನ್ನು ಮಡಿಲಿಗೆ ತೆಗೆದುಕೊಂಡು ಒಳಗಿನದನ್ನು ತಮ್ಮ ಮೈಗೆ ಇಳಿಸಿಕೊಳ್ಳುವುದು. ಹಗುರಾದ ಕಲ್ಲು ವಾಪಸು ಬಂದಾಗ ಸಾಬರು ಸುಣ್ಣ, ಮರಳು, ಬೆಲ್ಲದ ನೀರು ಅರೆದ ಗಾರೆ ಹಾಕಿ ಕೂರಿಸುವುದು. ಕಲ್ಲಿಗೆ ಕೆಮ್ಮಣ್ಣಿನಿಂದ ನಂಬರು ಬರೆದು ಯಾವುದು ಯಾವ ಮನೆಗೆ ಎಂದು ಪಟ್ಟಿ ಮಾಡುವ ಕೆಲಸ ನನ್ನದು. ಆ ದಿನಗಳಲ್ಲಿ ಊರಿನ ಮಾತೇ ಬದಲಾಯಿತು. ನೀರಿಗೆ ಬಂದ ಹೆಂಗಸರು ಮೊದಲು ಕೇಳುತ್ತಿದ್ದುದು, "ನಿಮ್ಮನೆಗೆ ಯಾರು ಬಂದವ್ರೆ?" ಎಂದು. ಒಬ್ಬಳ ಮನೆಗೆ ಏಳು ಮಕ್ಕಳನ್ನು ಹೊರಡಿಸಿಕೊಂಡು ಹೊರಟ ಅಜ್ಜಿ ಬಂದಿದ್ದಳು, ಇನ್ನೊಬ್ಬಳ ಮನೆಗೆ ಸೋತ ದಂಡಿನಿಂದ ಓಡಿ ಬಂದವನು. ಪಲ್ಲಕ್ಕಿಯಲ್ಲಿ ಹೋದ ಯಾರೋ ದೊರೆ ಕೂತಿದ್ದ ಕಲ್ಲು ನಮ್ಮ ಶಾನುಭೋಗರ ಮನೆಗೆ ಬಂತು. ಅವರು ಸಂಭ್ರಮದಿಂದ ಮಡಿಲಿಗೆ ಇಟ್ಟುಕೊಂಡರೆ ಎಡಗಾಲು ಜುಮ್ಮೆಂದಿತಂತೆ, ಅಷ್ಟೇ. ಅದರ ಪಕ್ಕದ ಕಲ್ಲು, ಆ ಪಲ್ಲಕ್ಕಿ ಹೊತ್ತ ಬೋವಿಗಳು ಕೂತಿದ್ದು, ನಾಲ್ಕು ಜನರನ್ನು ಮೂರು ದಿನ ಕೆಡವಿತು.

ಒಂದು ತಿಂಗಳಲ್ಲಿ ನೂರು ಕಲ್ಲು ಹಗುರಾದವು. ತೂಗುಗುಂಡು ಇಳಿಬಿಟ್ಟು ನೋಡಿದರೆ ಛತ್ರ ಮೊದಲಿಗಿಂತ ಅರ್ಧ ಗೇಣು ಹೆಚ್ಚು ವಾಲಿತ್ತು. ಸಾಬರು ತಲೆಯ ಮೇಲೆ ಕೈ ಹೊತ್ತು ಕೂತರು. ಕಾರಣ ಕಂಡುಹಿಡಿದದ್ದು ಊರಿನವರಲ್ಲದ ಮೇಡಂ. ಒಂದು ಮಧ್ಯಾಹ್ನ ಅವರು ಜೀಪಿನಿಂದ ಇಳಿದು ನೋಡುತ್ತಾರೆ, ಇನ್ನೂ ಕೀಳದೆ ಉಳಿದಿದ್ದ ಜಗಲಿಯ ಮೇಲೆ ಸಾಲಾಗಿ ನಲವತ್ತು ಜನ ಒರಗಿದ್ದೇವೆ, ನಾನೂ ಸೇರಿ. ಮನೆಯಲ್ಲಿ ಯಾರದೋ ದಣಿವನ್ನು ಮೈಗೆ ಇಳಿಸಿಕೊಳ್ಳುವುದು, ತಡೆಯಲಾರದೆ ತೂರಾಡಿಕೊಂಡು ನೆಟ್ಟಗೆ ಇಲ್ಲಿಗೇ ಬಂದು ಒರಗುವುದು. ದಣಿದವರು ಇನ್ನೆಲ್ಲಿಗೆ ಹೋಗುತ್ತಾರೆ? ಹುಟ್ಟಿದಾಗಿನಿಂದ ನಮ್ಮ ಕಾಲಿಗೆ ಗೊತ್ತಿದ್ದದ್ದು ಅದೊಂದೇ. "ಅಯ್ಯೋ ದೇವರೇ! ಅಲ್ಲಿಂದ ತೆಗೆದು ಇಲ್ಲಿ ತುಂಬ್ತಿದ್ದೀರಲ್ರೀ!" ಎಂದು ಮೇಡಂ ಕೂಗಿದಾಗ ಬೆಂಕಿ ಬಿದ್ದವರ ಹಾಗೆ ಎದ್ದೆವು. ಊರಿಗೆ ಬುದ್ಧಿ ಹೇಳಿ ಅರ್ಜಿ ಬರೆಯುವ ನನಗೇ ಅದು ಹೊಳೆದಿರಲಿಲ್ಲ. ನಾಚಿಕೆಯಿಂದ ಒಂದು ವಾರ ಹೊಂಗೆ ಮರದ ಕಡೆಗೆ ಹೋಗಲಿಲ್ಲ.

"ಹಂಗಾರೆ ಎಲ್ಲಿ ಕಳ್ಕಳಾದು?" ಎಂದು ಕರಿಯಣ್ಣ ಕೇಳಿದ. "ನಿಮ್ಮ ಮನೇಲೇ. ಮಲಗಿ" ಎಂದರು ಮೇಡಂ. "ಮಲಗಿ?" "ಹೂಂ, ಮಲಗಿ, ಅಷ್ಟೇ." ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂ ಶಾಲೆಯ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಹೇಳಿಕೊಟ್ಟರು. ಬಿಸಿನೀರಿನಲ್ಲಿ ಕಾಲು ಇಡಬೇಕು, ಒಂದು ಲೋಟ ಮಜ್ಜಿಗೆ ಕುಡಿಯಬೇಕು, ನಾಳೆಯ ಯೋಚನೆ ಬಂದರೆ ನಾಳೆ ಬಾ ಎನ್ನಬೇಕು, ಮೈಯನ್ನು ಚಾಪೆಗೆ ಬಿಟ್ಟುಬಿಡಬೇಕು. "ಎಲ್ಲ ಕಡೆ ಜನ ಮಾಡೋದು ಹೀಗೇ. ಅವರವರ ದಣಿವನ್ನ ಅವರವರೇ ನಿದ್ದೇಲಿ ಕರಗಿಸ್ಕೋತಾರೆ." ಕರಿಯಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ಒಬ್ಬೊಬ್ರೇನಾ? ಯಾವ ಕಲ್ಲೂ ಇಲ್ದಂಗೆ?" "ಒಬ್ಬೊಬ್ಬರೇ." "ದಿನಾನೂ?" "ದಿನಾನೂ." ಛತ್ರವಿಲ್ಲದ ಊರುಗಳು ಇವೆಯೆಂದು ಗೊತ್ತಿತ್ತು, ಅಲ್ಲಿಯ ಜನ ಹೇಗಿರುತ್ತಾರೆಂದು ನಾವು ಯೋಚಿಸಿರಲಿಲ್ಲ. ಲೋಕದ ಉದ್ದಗಲಕ್ಕೂ ಜನ ಒಂದೊಂದು ಮನೆಯಲ್ಲಿ ಒಬ್ಬೊಬ್ಬರೇ ಮಲಗಿ, ಮೈಯ ಭಾರವನ್ನೆಲ್ಲ ತಾವೇ ಕರಗಿಸಿ, ಬೆಳಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಅಂಥ ಜನರ ಮೇಲೆ ನಮಗೆ ಭಕ್ತಿಯೇ ಬಂತು. ಕಲಿಯಲು ನಮಗೆ ಹದಿನೈದು ದಿನ ಹಿಡಿಯಿತು. ಬಡಗಿಗೆ ಆ ತಿಂಗಳು ಮಂಚ ಮಾಡಿ ಪೂರೈಸಲಿಲ್ಲ.

ಛತ್ರಕ್ಕೆ ಮುಳ್ಳಿನ ಬೇಲಿ ಕಟ್ಟಿ, ಯಾರೂ ಒರಗದ ಹಾಗೆ ಸರದಿಯ ಮೇಲೆ ಕಾದೆವು. ಎರಡನೆಯ ತಿಂಗಳು ಅದು ನಿಜವಾಗಿ ಏಳತೊಡಗಿತು. ಕಲ್ಲು ಕೂರಿಸಿದ ಹಾಗೆಲ್ಲ ಬೆಳಗ್ಗೆ ನೋಡಿದರೆ ಒಂದು ನೂಲು ನೆಟ್ಟಗಾಗಿರುತ್ತಿತ್ತು. ಮೇಡಂ ಕೂಡ ಒಂದು ಕಲ್ಲು ಕೇಳಿ ತೆಗೆದುಕೊಂಡರು, ಪರೀಕ್ಷೆಗೆಂದು. ಪ್ರವಾಸಿ ಮಂದಿರದ ಮೆಟ್ಟಿಲ ಮೇಲೆ ಕೂತು ಮಡಿಲಿಗೆ ಇಟ್ಟುಕೊಂಡವರು ಸಂಜೆಯವರೆಗೆ ಏಳಲಿಲ್ಲ. ಈ ರಸ್ತೆ ಹಾಕುವಾಗ ಜಲ್ಲಿ ಹೊತ್ತ ಹೆಂಗಸರ ಕಲ್ಲಂತೆ ಅದು. "ನಾನು ಇಷ್ಟು ರಸ್ತೆ ಮಾಡಿಸಿದ್ದೀನಿ ಸಣ್ಣೀರಮ್ಮ" ಎಂದರು ಮರುದಿನ. ಆಮೇಲೆ ಅವರು ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಗಡುವಿಗೆ ಎರಡೇ ದಿನ ಉಳಿದಾಗ ಬುಡೇನ್ ಸಾಬರು ಹೊಂಗೆ ಮರದ ಹತ್ತಿರ ಬಂದು ನನ್ನ ಎದುರು ಕೂತರು. "ಮುನ್ನೂರ ಹನ್ನೊಂದು ಕೂರ್ಸಾಯ್ತು. ಮೂಡ್ಲ ಮೂಲೆಗಲ್ಲು ಕಿತ್ತೇ ಇಲ್ಲ ಸಣ್ಣಮ್ಮ. ಅದಕ್ಕೆ ನಂಬ್ರೇ ಹಾಕಿಲ್ಲ ನೀನು." ಅಂಗೈಯಲ್ಲಿ ಲೆಕ್ಕಣಿಕೆ ಹಿಡಿದುಕೊಂಡು, "ಒಂದು ಕಲ್ಲು ತಾನೇ ಸಾಬ್ರೇ, ಇರ್ಲಿ ಬಿಡಿ" ಎಂದೆ. "ಮೂಲೆಗಲ್ಲು ಕಣಮ್ಮ. ಅಲ್ಲಿ ಗೋಡೆ ಇನ್ನೂ ಎರಡು ಬೆರಳು ವಾಲೈತೆ. ಅದು ಕುಸಿದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೇ ಹೋಗ್ತವೆ." ತುಸು ಹತ್ತಿರ ಸರಿದು, "ಯಾರ ಕಲ್ಲು ಅಂತ ನಂಗೂ ಗೊತ್ತು. ನನ್ನ ಮದ್ವೆಗೆ ನಿಮ್ಮವ್ವನ ಮಡಕೆಲೇ ಅನ್ನ ಬೆಂದಿದ್ದು" ಎಂದರು.

ಬೇರೆಯವರಾಗಿದ್ದರೆ ಬಾಯಿ ಮುಚ್ಚಿಸಿ ಕಳಿಸುತ್ತಿದ್ದೆ. ಸಾಬರಿಗೆ ಸುಳ್ಳು ಹೇಳಲಾಗಲಿಲ್ಲ. "ಆ ಕಲ್ಲಲ್ಲಿರೋದು ನಾನೇ ಸಾಬ್ರೇ. ಒಂಬತ್ತು ವರ್ಷ ಹೊತ್ತಳು. ಒಂದು ದಿನ ಬಾಯಿಬಿಟ್ಟು ನೋವು ಅನ್ಲಿಲ್ಲ. ಈಗ ಆ ಕಲ್ಲು ಹೇಳ್ತೈತೆ. ಎಷ್ಟು ದಣಿಸಿದ್ದೆ ಅಂತ ಈ ವಯಸ್ಸಲ್ಲಿ ತಿಳ್ಕಂಡು ನಾನೇನು ಮಾಡ್ಲಿ?" ಲೆಕ್ಕಣಿಕೆ ಕೆಳಗಿಟ್ಟು ಮುಂದುವರಿಸಿದೆ, "ಅದೂ ಹೋಗ್ಲಿ. ಮೈಗಿಳಿಸ್ಕಂಡು ಮಲಗಿ ಎದ್ರೆ ಮುಗೀತು. ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ. ಅವ್ವಂದು ಅಂತ ಭೂಮಿ ಮೇಲೆ ಇರೋದು ಅದೊಂದೇ." ಅಷ್ಟರಲ್ಲಿ ಹಿಂದೆ ನಿಂತು ಕೇಳಿಸಿಕೊಂಡಿದ್ದ ಕರಿಯಣ್ಣ, "ಬೇಕಾರೆ ನಾನು ಹೊರ್ತೀನಿ ಸಣ್ಣಕ್ಕ, ನಿಂಗೆ ಏನೂ ಹೇಳಲ್ಲ" ಎಂದ. "ನನ್ನವ್ವನ ದಣಿವಿಗೆ ಪೈಲ್ವಾನ ಯಾಕೋ? ನಾನು ಸತ್ತಿದೀನಾ?" ಎಂದು ರೇಗಿದೆ. ರೇಗಿದ ಮೇಲೆ ನಾನೇ ಹೊರುತ್ತೇನೆಂದು ಹೇಳಿದ ಹಾಗಾಯಿತು. ಸಾಬರು ಎದ್ದು, "ನಾಳೆ ಬೆಳಿಗ್ಗೆ ಗಾಡಿ ಕಳ್ಸಲಾ?" ಎಂದು ಕೇಳಿದರು. ಹೂಂ ಎಂದು ತಲೆ ಆಡಿಸಿದೆ.

ಎಂಟು ಜನ ಹಗ್ಗ ಹಿಡಿದು ಕಲ್ಲನ್ನು ನನ್ನ ಅಂಗಳದಲ್ಲಿ ಇಳಿಸಿದರು, ನಾನು ಕೂತ ಕಡೆಗೆ ಓರೆ ಮಾಡಿ ಕೊಟ್ಟು ಬಾಗಿಲು ಎಳೆದುಕೊಂಡು ಹೋದರು. ಎಳೆ ಬಿಸಿಲಿತ್ತು. ಕಲ್ಲನ್ನು ಮಡಿಲಿಗೆ ಒರಗಿಸಿಕೊಂಡೆ. ಮೊದಲು ಬಂದವರು ಅವ್ವನಿಗಿಂತ ಹಿಂದೆ ಅಲ್ಲಿ ಕೂತಿದ್ದ ಪರಸ್ಥಳದವರು, ಒಬ್ಬರ ಬೆನ್ನು, ಇನ್ನೊಬ್ಬರ ಸುಟ್ಟ ಅಂಗಾಲು, ಬಂದು ಕೂತು ಹಿಂದಾದರು. ಆಮೇಲೆ ಬಲಗಾಲಿನ ಹೆಬ್ಬೆರಳು ನೋಯತೊಡಗಿತು, ಉಗುರು ಕಿತ್ತ ಜಾಗ. ಆ ಬೆರಳಿಗೆ ಎಣ್ಣೆ ಹಚ್ಚಿದವಳು ನಾನೇ. ಅವ್ವ ಬಂದಿದ್ದಳು. ಅವಳ ಬಾಯಾರಿಕೆ ಬಂತು, ನೆತ್ತಿಯ ಉರಿ ಬಂತು, ನನಗೆ ಮುದ್ದೆ ಕೊಟ್ಟು ತಾನು ನೀರು ಕುಡಿದ ದಿನಗಳ ಹೊಟ್ಟೆ ಬಂತು. ನಾನು ಹಲ್ಲು ಕಚ್ಚಿ ಸೊಂಟಕ್ಕೆ ಕಾದೆ. ಅದೂ ಬಂತು. ಎಂಟು ವರ್ಷದ ಹುಡುಗಿಯ ಭಾರ ಭಾರವೇ, ಇಲ್ಲವೆನ್ನಲಾರೆ. ಆದರೆ ನಾನು ಹೆದರಿಕೊಂಡಷ್ಟು ಇರಲಿಲ್ಲ. ನಡಿಗೆಯ ಜೊತೆಗೆ ಅತ್ತಿತ್ತ ಸರಿಯುವ, ಬೆಚ್ಚಗಿನ ಭಾರ. ಛತ್ರ ಸಿಕ್ಕಿದ ಕೂಡಲೇ ಇಳಿದುಹೋದ ಭಾರ. ಅಂಗಳದಲ್ಲಿ ಒಬ್ಬಳೇ ಕೂತು ನಕ್ಕುಬಿಟ್ಟೆ. ಇಷ್ಟೇನಾ ಅವ್ವ, ಇಷ್ಟಕ್ಕೆ ಐವತ್ತು ವರ್ಷ ಹೆದರಿದೆನಾ ಎಂದೆ. ಇನ್ನು ಬರುವುದು ನಾನು ನನ್ನ ಕಾಲ ಮೇಲೆ ನಡೆದ ವರ್ಷಗಳದು, ಅವು ಹೂವಿನಷ್ಟು ಹಗುರ ಇರುತ್ತವೆಂದು ಕಾಲು ಚಾಚಿ ಕೂತೆ.

ಕುತ್ತಿಗೆಯಲ್ಲಿ ಶುರುವಾಯಿತು. ಅಲ್ಲಿಂದ ಭುಜಕ್ಕೆ, ಬೆನ್ನಹುರಿಗೆ, ಮಂಡಿಯ ಹಿಂಭಾಗಕ್ಕೆ ಇಳಿಯಿತು. ಅಂಥ ದಣಿವನ್ನು ನಾನು ಆ ಮೂರು ತಿಂಗಳಲ್ಲಿ ಯಾವ ಕಲ್ಲಿನಲ್ಲೂ ಕಂಡಿರಲಿಲ್ಲ. ಇದು ನಡೆದ ದಣಿವಾಗಿರಲಿಲ್ಲ, ನಿಂತ ದಣಿವು. ತುಂಬಿದ ಬುಟ್ಟಿ ತಲೆಯ ಮೇಲಿದ್ದು, ಇಳಿಸಲು ಇನ್ನೊಂದು ಕೈಯಿಲ್ಲದೆ, ಏರಿನಲ್ಲಿ ನಿಂತ ದಣಿವು. ಹತ್ತು ಹೆಜ್ಜೆ ನಡೆದು ಮತ್ತೆ ನಿಲ್ಲುವುದು. ಮತ್ತೆ ಹತ್ತು, ಮತ್ತೆ ನಿಲ್ಲುವುದು. ಯಾಕೆ ನಿಲ್ಲುತ್ತಿದ್ದಾಳೆ ಇವಳು, ಒಂದೇ ದಮ್ಮಿಗೆ ಹತ್ತಿ ಛತ್ರದಲ್ಲಿ ಇಳಿಸಬಾರದೇ ಎಂದು ಅವಳ ಮೇಲೆ ಸಿಟ್ಟೂ ಬಂತು. ಆಮೇಲೆ ತಿಳಿಯಿತು. ಅವಳ ಹಿಂದೆ ಇಪ್ಪತ್ತು ಮಾರು ದೂರದಲ್ಲಿ ನಾನು ಕೋಲೂರಿಕೊಂಡು ಬರುತ್ತಿದ್ದೆ, ನನ್ನ ಕಾಲ ಮೇಲೆ, ಹೆಮ್ಮೆಯಿಂದ. ನಾನು ತಲೆ ಎತ್ತಿದಾಗಲೆಲ್ಲ ಅವಳ ಬೆನ್ನು ಕಾಣುತ್ತಿತ್ತು. ಬುಟ್ಟಿಗೆ ಒಂದು ಕೈ ಕೊಟ್ಟು, ದಾರಿಯ ಅಂಚಿನಲ್ಲಿ ಕಣಿವೆಯ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದಳು. "ಏನವ್ವಾ ನೋಡ್ತೀಯ?" ಎಂದು ಕೂಗಿದರೆ, "ಕಣಿವೆ ಕಣೇ. ಎಷ್ಟು ಚೆಂದ ಐತೆ ನೋಡು. ನೀನು ನಿಧಾನಕ್ಕೆ ಬಾ" ಎನ್ನುತ್ತಿದ್ದಳು. ನನ್ನವ್ವನಿಗೆ ಕಣಿವೆ ನೋಡುವ ಹುಚ್ಚು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಹತ್ತು ವರ್ಷ, ಪ್ರತಿ ಸೋಮವಾರ, ಹೋಗುವಾಗ ಬರುವಾಗ. ಕಾಯುತ್ತಿದ್ದಾಳೆಂದು ನನಗೆ ಗೊತ್ತಾಗಬಾರದೆಂದು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಆ ಕಲ್ಲನ್ನು ಮರುದಿನ ಬುಡೇನ್ ಸಾಬರು ಒಬ್ಬರೇ ಎತ್ತಿ ಕೂರಿಸಿದರಂತೆ. ಮೇಡಂ ತೂಗುಗುಂಡು ಇಳಿಬಿಟ್ಟಾಗ ಅದು ಅಲ್ಲಾಡದೆ ನಿಂತದ್ದನ್ನು ನೋಡಿ ರಸ್ತೆ ಇಲಾಖೆಯ ದೊಡ್ಡ ಸಾಹೇಬರು ಕಾಗದಕ್ಕೆ ಸಹಿ ಹಾಕಿದರಂತೆ. ಛತ್ರ ಉಳಿಯಿತು. ಸಾಹೇಬರೇ ಜಗಲಿಯ ಮೇಲೆ ಮೊದಲು ಒರಗಿ, ಏಳಲು ಒಪ್ಪಲಿಲ್ಲವಂತೆ. ಅದೆಲ್ಲ ಆಮೇಲಿನ ಮಾತು, ನಾನು ನೋಡಲಿಲ್ಲ.

ಆ ಬೆಳಗ್ಗೆ ಕಲ್ಲನ್ನು ಮಡಿಲಿನಿಂದ ಸರಿಸಿ ಎದ್ದಾಗ ನನ್ನ ಕಾಲು ತಾನಾಗಿ ಬಾಗಿಲ ಕಡೆಗೆ ತಿರುಗಿತ್ತು. ಛತ್ರಕ್ಕೆ ಹೋಗಿ ಒಂದು ಗಳಿಗೆ ಒರಗಿದರೆ ಸಾಕು, ಅವ್ವನ ದಣಿವು ಬೇರೊಂದು ಕಲ್ಲಿನಲ್ಲಿ ಇನ್ನೂರು ವರ್ಷ ಹಾಗೇ ಇರುತ್ತದೆ. ಕಾವಲಿಗೆ ಕೂತವರು ನನ್ನನ್ನು ತಡೆಯುವವರಲ್ಲ. ಹೊಸ್ತಿಲವರೆಗೆ ಹೋದೆ. ಕುತ್ತಿಗೆ ಬಿಗಿದಿತ್ತು, ತಲೆಯ ಮೇಲೆ ಇಲ್ಲದ ಬುಟ್ಟಿಗೆ ಕೈ ಹೋಗುತ್ತಿತ್ತು. ಒಂದು ಹೆಜ್ಜೆ ಆಚೆ ಇಡುವುದು, ನಿಲ್ಲುವುದು. ಹೀಗೇ ಇನ್ನೂರು ವರ್ಷ ಇವಳನ್ನು ಏರಿನಲ್ಲಿ ನಿಲ್ಲಿಸಿಡಲು ಹೊರಟಿದ್ದೇನಲ್ಲ ಎನಿಸಿತು. ಒಳಗೆ ಬಂದು ಚಾಪೆ ಹಾಸಿದೆ. ಅಳುತ್ತಲೇ ಮಲಗಿ ಕುತ್ತಿಗೆಯನ್ನು ನೆಲಕ್ಕೆ ಬಿಟ್ಟೆ. "ಬಂದೆ ಕಣವ್ವ" ಎಂದೆ. "ಇಳಿಸು."